ಟವೆಲಿನ ಕೆಳಗಿನ ಸರ್ಕಾರ

ಸಿದ್ದಮಲ್ಲಪ್ಪನವರು ಬೆಲೆಯಿಲ್ಲದೆ ಬೆರಳು ಅಲ್ಲಾಡಿಸಿದ ಮನುಷ್ಯರಲ್ಲ. ಇದು ಯಾರೋ ಹೇಳಿ ಕೇಳಿದ ಮಾತಲ್ಲ, ಹದಿನಾಲ್ಕು ವರ್ಷ ಅವರ ಎದುರು ಮನೆಯಲ್ಲಿದ್ದು ಕಂಡ ಮಾತು. ಬೀದಿಯಲ್ಲಿ ಜಾಲಿಮುಳ್ಳಿನ ಕೊಂಬೆ ಬಿದ್ದಿದ್ದರೆ ಪಂಚೆ ಎತ್ತಿಕೊಂಡು ದಾಟಿ ಹೋಗುತ್ತಿದ್ದರೇ ಹೊರತು ಬಗ್ಗಿ ಅದನ್ನು ಬದಿಗೆ ಹಾಕುತ್ತಿರಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ.

"ಬೀದಿ ಯಾರ್ದು ಅಮ್ಮಾವ್ರೇ?"

"ಎಲ್ಲರದೂ."

"ಅಂಗಾದ್ರೆ ಎಲ್ಲಾರೂ ಬಂದು ಎತ್ಲಿ. ನಾನೊಬ್ನೇ ಯಾಕೆ ಬಗ್ಗಲಿ?"

ಇಂಥ ಮನುಷ್ಯರಿಗೆ ನಾನು ಋಣಿ. ನನ್ನ ಮನೆ ನಿಂತಿರುವುದು ಅವರಿಂದ. ನನ್ನ ಮಾನ ಉಳಿದದ್ದೂ ಒಂದು ಸಲ ಅವರಿಂದಲೇ. ಅವರು ತೀರಿಕೊಂಡು ಮೂರು ವರ್ಷವಾಯಿತು. ಬರೆದಿಡುವವರು ಬೇರೆ ಯಾರೂ ಇಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಅವರು ದನದ ದಲ್ಲಾಳಿ. ನಮ್ಮ ಕಡೆಯ ದನದ ಸಂತೆಗಳಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಮಾರುವವನೂ ದಲ್ಲಾಳಿಯೂ ಕೈ ಕೈ ಹಿಡಿದು ಮೇಲೆ ಒಂದು ಟವೆಲು ಹಾಕುತ್ತಾರೆ. ಮಾತೆಲ್ಲ ಒಳಗೆ ಬೆರಳಿನಲ್ಲಿ. ಒಂದು ಬೆರಳು ಹಿಡಿದರೆ ನೂರು, ಅರ್ಧ ಬೆರಳು ಹಿಡಿದರೆ ಐವತ್ತು. ಆಮೇಲೆ ದಲ್ಲಾಳಿ ಕೊಳ್ಳುವವನ ಕೈ ಹಿಡಿದು ಅದೇ ಟವೆಲು ಹಾಕುತ್ತಾನೆ. ಸುತ್ತ ಐವತ್ತು ಜನ ನಿಂತಿದ್ದರೂ ಯಾರು ಎಷ್ಟು ಅಂದರೆಂದು ಮೂರನೆಯವನಿಗೆ ತಿಳಿಯುವುದಿಲ್ಲ. ಕಾಗದವಿಲ್ಲ, ಸಹಿಯಿಲ್ಲ, ಸಾಕ್ಷಿಯಿಲ್ಲ. ಮಾತಿಗೆ ತಪ್ಪಿದವನ ಕೈಯನ್ನು ಮರುವಾರದಿಂದ ಯಾವ ದಲ್ಲಾಳಿಯೂ ಹಿಡಿಯುವುದಿಲ್ಲ. ಅಷ್ಟೇ ಶಿಕ್ಷೆ, ಅಷ್ಟೇ ಸಾಕಾಗುತ್ತಿತ್ತು.

ಲೋಕವೆಲ್ಲ ಹೀಗೇ ನಡೆಯಬಹುದೆಂದು ಸಿದ್ದಮಲ್ಲಪ್ಪನವರು ನಂಬಿದ್ದರು. ನಲವತ್ತೇಳರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಚಳವಳಿ ನಡೆಯುತ್ತಿದ್ದ ಆ ಕೆಲವು ವಾರಗಳನ್ನು ಅವರು ಹಬ್ಬದಂತೆ ನೆನೆಯುತ್ತಿದ್ದರು.

"ಹಳೇ ಸರ್ಕಾರ ಎದ್ದಿತ್ತು, ಹೊಸಾದು ಕೂತಿರ್ಲಿಲ್ಲ. ಕುರ್ಚಿ ಖಾಲಿ. ಅದಕ್ಕೇಂತ ಎತ್ತು ಮೇಯೋದು ಬುಡ್ತಾ? ಸಂತೆ ಒಂದು ವಾರನಾದ್ರೂ ನಿಲ್ತಾ? ಹೇಳಿ ಅಮ್ಮಾವ್ರೇ, ನೀವು ಓದಿದೋರು."

ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದೆ. ಸರ್ಕಾರವಿಲ್ಲದೆ ಸಮಾಜ ನಡೆದೀತೇ ಎಂಬ ಪ್ರಶ್ನೆಯನ್ನು ವರ್ಷಕ್ಕೊಮ್ಮೆ ಹುಡುಗಿಯರಿಗೆ ಹತ್ತು ಅಂಕಕ್ಕೆ ಕೊಟ್ಟು ಉತ್ತರ ತಿದ್ದುತ್ತಿದ್ದೆ. ಆ ಪ್ರಶ್ನೆಯೊಳಗೇ ಮನೆ ಕಟ್ಟಿಕೊಂಡು ಇರಬೇಕಾಗುತ್ತದೆ ಎಂದುಕೊಂಡಿರಲಿಲ್ಲ.

ಐವತ್ತೊಂದರಲ್ಲಿ ನನಗೆ ಮೂವತ್ತೊಂಬತ್ತು. ಮದುವೆಯಾಗಿರಲಿಲ್ಲ, ಆಗುವ ಯೋಚನೆಯೂ ಇರಲಿಲ್ಲ. ನಾನೂ ನನ್ನ ತಾಯಿ ಪಾರ್ವತಮ್ಮನವರೂ ಊರೊಳಗೆ ಒಂದು ವರ್ಷ ಮನೆ ಹುಡುಕಿದೆವು. ಬಾಡಿಗೆಗಾದರೂ ಕ್ರಯಕ್ಕಾದರೂ ಮೊದಲ ಪ್ರಶ್ನೆ ಒಂದೇ: ಮನೆಯಲ್ಲಿ ಗಂಡಸರು ಯಾರು? ಯಾರೂ ಇಲ್ಲ ಎಂದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಕೊನೆಗೆ ಹಿನಕಲ್ ರಸ್ತೆಯಲ್ಲಿ, ನಗರದ ಎಲ್ಲೆಯ ಕಲ್ಲು ದಾಟಿದ ಮೇಲೆ, ಯಾರೋ ಹೊಲವನ್ನು ಇಪ್ಪತ್ತೆರಡು ನಿವೇಶನ ಮಾಡಿ ಮಾರುತ್ತಿದ್ದಾರೆಂದು ಕೇಳಿ ಹೋದೆ. ಜಗಲಿಯ ಮೇಲೆ ಕೆಂಪು ಅಂಚಿನ ಟವೆಲು ಹೊದ್ದು ಸಿದ್ದಮಲ್ಲಪ್ಪನವರು ಕೂತಿದ್ದರು.

"ಮನೆಯಲ್ಲಿ ಗಂಡಸರಿಲ್ಲ," ಎಂದು ನಾನೇ ಮೊದಲು ಹೇಳಿಬಿಟ್ಟೆ.

"ನಾನು ಕೇಳಿದ್ನಾ? ಬೆಲೆ ಕೊಡ್ತೀರೋ ಇಲ್ವೋ?"

"ಕೊಡುತ್ತೇನೆ."

"ಮತ್ತೆ ಗಂಡಸರನ್ನ ಕಟ್ಕೊಂಡು ನಾನೇನು ಮಾಡ್ಲಿ? ಕೂತ್ಕಳಿ."

ಹೆಂಗಸಿನ ಕೈ ಹಿಡಿದು ವ್ಯಾಪಾರ ಮಾಡುವಂತಿರಲಿಲ್ಲ. ಅದಕ್ಕೆ ಅವರೇ ಒಂದು ಉಪಾಯ ಮಾಡಿದ್ದರು. ಮೊರದ ಮೇಲೆ ಟವೆಲು ಹರಡಿ, ಒಂದು ಹಿಡಿ ಹುಣಿಸೆಬೀಜ ಕೊಟ್ಟರು. ಒಂದು ಬೀಜಕ್ಕೆ ಇಷ್ಟು ಎಂದು ಮೊದಲೇ ಮಾತಾಗುತ್ತಿತ್ತು. ನಾನು ಟವೆಲಿನ ಕೆಳಗೆ ಬೀಜ ಇಟ್ಟೆ. ಅವರು ಬೆರಳಾಡಿಸಿ ಎಣಿಸಿ, ಎರಡು ಬೀಜ ಸೇರಿಸಿದರು. ನಾನು ಒಂದು ತೆಗೆದೆ. ಮುಗಿಯಿತು. ಊರೊಳಗೆ ಒಂದು ವರ್ಷದಲ್ಲಿ ಆಗದ್ದು ಕಾಲು ಗಂಟೆಯಲ್ಲಿ ಆಯಿತು. ನನ್ನನ್ನು ಯಾರ ಮಗಳು, ಯಾರ ಹೆಂಡತಿ ಎಂದು ಕೇಳದೆ ಒಬ್ಬ ವ್ಯವಹಾರಸ್ಥಳೆಂದು ಕಂಡ ಮೊದಲ ಗಂಡಸು ಅವರು. ಆ ಉಪಕಾರವನ್ನು ಅವರು ಉಪಕಾರವೆಂದು ಮಾಡಲಿಲ್ಲ. ಅದಕ್ಕೇ ನನಗೆ ಅದು ಹಗುರವಾಗಿ ಹೊತ್ತುಕೊಳ್ಳುವಂತಿತ್ತು.

ನನ್ನ ಉಳಿತಾಯವೆಲ್ಲ ಆ ಮನೆಗೆ ಹೋಯಿತು. ಎಲ್ಲೆಯ ಕಲ್ಲಿನ ಆಚೆ ನಲ್ಲಿಯಿಲ್ಲ, ದೀಪವಿಲ್ಲ, ಕಸ ಗುಡಿಸುವವರಿಲ್ಲ. ಇದ್ದದ್ದು ಬಡಾವಣೆಯ ತಗ್ಗಿನಲ್ಲಿದ್ದ ಸಿದ್ದಮಲ್ಲಪ್ಪನವರ ಬಾವಿ ಒಂದೇ. ಆ ಬಾವಿ ಕೆಟ್ಟರೆ ನನ್ನ ಮನೆ ನಾಲ್ಕು ಗೋಡೆ ಮಾತ್ರ. ಇದು ಗೊತ್ತಿದ್ದೇ ಕಟ್ಟಿದೆ.

ಅವರ ಏರ್ಪಾಡು ಸರಳ. ತಿಂಗಳಿಗೆ ಎರಡು ರೂಪಾಯಿ ಕೊಟ್ಟವರಿಗೆ ಬಾವಿಯ ಹಗ್ಗ. ಹಗ್ಗ ಅವರ ಜಗಲಿಯ ಗೂಟದಲ್ಲಿ ನೇತಾಡುತ್ತಿತ್ತು. ಎಲ್ಲ ಜಾತಿಯವರಿಗೂ ಒಂದೇ ಹಗ್ಗ, ಒಂದೇ ರಾಟೆ. ಕೆಲವರು ಮುಖ ಸಿಂಡರಿಸಿದರು. "ಬೇರೆ ಬಾವಿ ತೋಡ್ಕಳಿ," ಎಂದರು. ಯಾರೂ ತೋಡಲಿಲ್ಲ. ಕಾವಲಿಗೆ ದೇವಯ್ಯ ಎಂಬವನನ್ನು ಇಟ್ಟಿದ್ದರು, ಅದಕ್ಕೂ ಬೇರೆ ಚಂದಾ. ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿ ಬಂದ ಶಿವರುದ್ರಪ್ಪನವರು, ಬೀದಿಯ ಏರಿನಲ್ಲಿ ಎಲ್ಲರಿಗಿಂತ ಮೇಲಿನ ಮನೆಯವರು, ಕಾವಲಿನ ಚಂದಾ ಕೊಡಲಿಲ್ಲ. ಪಕ್ಕದ ಮನೆಯನ್ನು ಕಾಯುವವನು ತಮ್ಮದನ್ನೂ ಕಂಡೇ ಕಾಣುತ್ತಾನೆ ಎಂಬ ಲೆಕ್ಕ. ಒಂದು ದಿನ ಅವರ ಹಿತ್ತಲಿನ ತಾಮ್ರದ ಹಂಡೆ ಹೋಯಿತು.

"ಏನಯ್ಯ ದೇವಯ್ಯ, ನೀನು ನೋಡಲಿಲ್ಲವೇ?"

"ನೋಡ್ದೆ ಸ್ವಾಮಿ, ಹೊತ್ಕೊಂಡು ಹೋಗ್ತಿದ್ದ. ನಿಮ್ಮದು ಚಂದಾ ಇರ್ಲಿಲ್ವಲ್ಲ, ನೀವೇ ಯಾರಿಗೋ ಕೊಟ್ಟಿರ್ಬೇಕು ಅನ್ಕಂಡೆ."

ಮರುತಿಂಗಳಿಂದ ಶಿವರುದ್ರಪ್ಪನವರೂ ಚಂದಾದಾರರಾದರು.

ಜಗಳಗಳು ಭಾನುವಾರ ಬೆಳಗ್ಗೆ ಅವರ ಜಗಲಿಯಲ್ಲಿ ತೀರುತ್ತಿದ್ದವು. ಶಿವರುದ್ರಪ್ಪನವರಿಗೆ ತಗ್ಗಿನಲ್ಲೂ ಒಂದು ತುಂಡು ಖಾಲಿ ಜಾಗವಿತ್ತು. ಅಲ್ಲಿಯ ನುಗ್ಗೆಮರ ಬೋರಮ್ಮನ ಕೊಟ್ಟಿಗೆಯ ಮೇಲೆ ಬಾಗಿತ್ತು. ಬೋರಮ್ಮ ಗಂಡ ಸತ್ತ ಹೆಂಗಸು, ಎರಡು ಎಮ್ಮೆ ಕಟ್ಟಿ ಹಾಲು ಮಾರುತ್ತಿದ್ದಳು. ಅವಳು ಕಾಯಿ ಕಿತ್ತಳೆಂದು ಶಿವರುದ್ರಪ್ಪನವರು ಕೋರ್ಟಿನ ಮಾತೆತ್ತಿದರು.

"ಬಾಗಿದ ಕೊಂಬೇಲಿರೋ ಕಾಯಿ ನಿಮ್ದೇ ಸ್ವಾಮಿ," ಎಂದರು ಸಿದ್ದಮಲ್ಲಪ್ಪನವರು. "ಹಂಗಾದ್ರೆ ಕಂಬಳಿಹುಳ ಯಾರ್ದು?"

"ಹುಳಕ್ಕೆ ಯಾರಾದರೂ ಮಾಲೀಕರಿರುತ್ತಾರೆಯೇ?"

"ಇರ್ಬೇಕು. ಕಾಯಿ ನಿಮ್ದು ಅಂದ್ಮೇಲೆ ಹುಳಾನೂ ನಿಮ್ದು. ದಿನಾ ಬಂದು ಆರಿಸ್ಕಂಡೋಗಿ."

"ನನ್ನೆಮ್ಮೆ ಬೆನ್ನ ಮ್ಯಾಗಿಂದ್ಲೂ ಆರಿಸ್ಲಿ," ಎಂದಳು ಬೋರಮ್ಮ.

ಆ ಕಡೆಯ ಕಾಯಿ ಬೋರಮ್ಮನಿಗೆ ಬಿಟ್ಟು ಶಿವರುದ್ರಪ್ಪನವರು ಎದ್ದರು. ಇಂಥದ್ದನ್ನು ಇತ್ಯರ್ಥ ಮಾಡಲು ನ್ಯಾಯಾಲಯಕ್ಕೆ ಎಷ್ಟು ವರ್ಷ ಬೇಕಾಗುತ್ತಿತ್ತೋ ನಾನು ಹೇಳಲಾರೆ. ತೀರ್ಪಿಗೆ ಇಬ್ಬರಿಂದಲೂ ನಾಲ್ಕಾಣೆ ತೆಗೆದುಕೊಂಡರು ಎಂಬುದನ್ನು ಮಾತ್ರ ಹೇಳಬಲ್ಲೆ. ಏಳು ವರ್ಷ ನಾವು ಹೀಗೆ ಬಾಳಿದೆವು. ಚೆನ್ನಾಗಿಯೇ ಬಾಳಿದೆವು. ಪಾಠ ಹೇಳುವಾಗ ನನ್ನ ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

ಐವತ್ತೆಂಟರ ಹೊತ್ತಿಗೆ ಇಪ್ಪತ್ತೆರಡು ಮನೆಯೂ ತುಂಬಿತ್ತು. ಎಲ್ಲರ ಬಚ್ಚಲ ನೀರೂ ಪಾತ್ರೆ ತೊಳೆದ ನೀರೂ ಬೀದಿಯಲ್ಲಿ ಇಳಿದು ಬೋರಮ್ಮನ ಕೊಟ್ಟಿಗೆಯ ಹತ್ತಿರ ಮಡುಗಟ್ಟುತ್ತಿತ್ತು. ಕೊಟ್ಟಿಗೆಯಿಂದ ಬಾವಿಗೆ ಮೂವತ್ತು ಹೆಜ್ಜೆ. ಮಳೆಗಾಲಕ್ಕೆ ಮೊದಲು ಮೇಲಿನಿಂದ ಕೆಳಗಿನ ಹಳ್ಳದವರೆಗೆ ಕಲ್ಲಿನ ಚರಂಡಿ ಆಗದಿದ್ದರೆ ಆ ಕೊಳೆ ಬಾವಿಗೆ ಇಳಿಯುತ್ತದೆಂದು ನಾನು ಹೇಳಿದೆ. ಸಿದ್ದಮಲ್ಲಪ್ಪನವರು ಒಪ್ಪಿದರು. ಕಲ್ಲು ಕೆಲಸದ ಒಡ್ಡರನ್ನು ಕೇಳಿದಾಗ ಅವರು ನಾನೂರು ರೂಪಾಯಿ ಎಂದರು.

"ಯಾರಿಗೆ ಎಷ್ಟು ಬೇಕೋ ಅಷ್ಟು ಬೆಲೆ ಹೇಳ್ಲಿ. ಬಲವಂತ ಇಲ್ಲ. ಟವೆಲ್ ಕೆಳಗೆ."

ಏಪ್ರಿಲಿನ ಒಂದು ಭಾನುವಾರ ಇಪ್ಪತ್ತೆರಡು ಮನೆಯವರೂ ಜಗಲಿಗೆ ಬಂದರು. ಗಂಡಸರಿಗೂ ಈ ಸಲ ಬೀಜವೇ. ಒಂದು ಬೀಜಕ್ಕೆ ಒಂದು ರೂಪಾಯಿ. ಒಬ್ಬೊಬ್ಬರಾಗಿ ಹೋಗಿ ಮೊರದ ಮೇಲಿನ ಟವೆಲಿನ ಕೆಳಗೆ ಇಟ್ಟು ಬರಬೇಕು. ಅವರು ಒಳಗೇ ಬೆರಳಿನಿಂದ ಎಣಿಸಿ ಚೀಲಕ್ಕೆ ಹಾಕುತ್ತಿದ್ದರು. ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ.

ನಾನು ಇಪ್ಪತ್ತು ಬೀಜ ಎಣಿಸಿಕೊಂಡು ಹೋಗಿದ್ದೆ. ಟವೆಲಿನ ಕೆಳಗೆ ಕೈ ಹೋದಾಗ ಒಂದು ಯೋಚನೆ ಬಂತು: ಇನ್ನು ಇಪ್ಪತ್ತೊಂದು ಮನೆಗಳಿವೆ, ಸಂಬಳದಾರರು, ಪಿಂಚಣಿದಾರರು, ಗಂಡಸರಿರುವ ಮನೆಗಳು. ನನ್ನ ಹದಿಮೂರು ರೂಪಾಯಿಯಿಂದ ಚರಂಡಿ ನಿಲ್ಲುವುದಿಲ್ಲ. ಏಳು ಬೀಜ ಇಟ್ಟೆ. ಹದಿಮೂರನ್ನು ಮುಷ್ಟಿಯಲ್ಲಿ ಹಿಡಿದು ವಾಪಸು ತಂದು ಸೆರಗಿನ ತುದಿಗೆ ಕಟ್ಟಿದೆ.

ಬೋರಮ್ಮ ಇಟ್ಟು ಬಂದವಳೇ ಎಲ್ಲರಿಗೂ ಕೇಳುವಂತೆ, "ನಾನು ಹತ್ತು ಮಡಗಿವ್ನಿ ಕಣ್ರಪ್ಪ," ಎಂದಳು.

"ಬೋರಮ್ಮ, ಟವೆಲ್ ಕೆಳಗಿನ ಮಾತು ಟವೆಲ್ ಕೆಳಗೇ ಇರ್ಬೇಕು," ಎಂದು ಸಿದ್ದಮಲ್ಲಪ್ಪನವರು ಗದರಿದರು.

"ಇದ್ರೆ ನಿಮ್ಮ ಟವೆಲ್ ನೀವೇ ಹೊದ್ಕಂಡು ಮನಿಕ್ಕಳಿ. ನಂಗೇನು ಕಳ್ಳತನ್ವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕೊನೆಗೆ ಅವರು ಚೀಲದ ಬಾಯಿ ಕಟ್ಟಿ, "ತೊಂಬತ್ತೊಂದು," ಎಂದರು.

 ಶಿವರುದ್ರಪ್ಪನವರು ಆಕಾಶ ನೋಡಿದರು.

"ಬೆಲೆ ಕೂಡ್ಲಿಲ್ಲ," ಎಂದರು ಸಿದ್ದಮಲ್ಲಪ್ಪನವರು. "ಅಂದ್ರೆ ಚರಂಡಿ ಬೇಡ ಅಂತ ಅರ್ಥ. ಬೇಕಾಗಿದ್ರೆ ಕೊಡೋರು."

"ಬೇಡ ಅಂತಲ್ಲ," ಎಂದೆ. "ಎಲ್ಲರಿಗೂ ಬೇಕು. ಪಕ್ಕದವರು ಕೊಡಲಿ ಅಂತ."

"ಸಂತೇಲಿ ಎತ್ತು ಬೇಕಾದೋನು ಪಕ್ಕದೋನು ಕೊಡ್ಲಿ ಅಂತ ಕಾಯ್ತಾನಾ ಅಮ್ಮಾವ್ರೇ?"

"ಎತ್ತು ದುಡ್ಡು ಕೊಟ್ಟವನ ಮನೆಗೆ ಮಾತ್ರ ಹೋಗುತ್ತದೆ. ಚರಂಡಿ ಕೊಡದವನ ಮನೆ ಮುಂದೆಯೂ ಹರಿಯುತ್ತದೆ."

ಮಾತು ಸರಿಯಾಗಿಯೇ ಇತ್ತು. ಹದಿಮೂರು ಬೀಜ ಸೆರಗಿನಲ್ಲಿಟ್ಟುಕೊಂಡು ಹೇಳಿದೆ. ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು.

ಜುಲೈ ಮಳೆಗೆ ಕೊಳೆ ಬಾವಿಗಿಳಿಯಿತು. ಆಗಸ್ಟಿನಲ್ಲಿ ಐದು ಮನೆಗಳಲ್ಲಿ ವಿಷಮಶೀತ ಜ್ವರ. ಅದರಲ್ಲಿ ನಮ್ಮದೊಂದು. ನನ್ನ ತಾಯಿ ಇಪ್ಪತ್ತಮೂರು ದಿನ ಮಲಗಿದರು. ಡಾಕ್ಟರು ಬಂದು ಮೊದಲು ನಾಲಿಗೆ ನೋಡಿ, ಆಮೇಲೆ ಕೊಡದ ನೀರು ನೋಡಿ, "ಯಾವ ಬಾವಿ?" ಎಂದು ಕೇಳಿದರು. ನಾನು ಅವರನ್ನು ಎದುರು ಜಗಲಿಗೆ ಕರೆದುಕೊಂಡು ಹೋಗಿ ಕಾಯಿಲೆ ಆ ಬಾವಿಯ ನೀರಿನದೇ ಎಂದು ಅವರ ಬಾಯಿಂದಲೇ ಹೇಳಿಸಿದೆ.

ಸಿದ್ದಮಲ್ಲಪ್ಪನವರು ವಾದಿಸಲಿಲ್ಲ. ಎದ್ದು ಹೋಗಿ ಹಗ್ಗ ಬಿಚ್ಚಿ ಒಳಗಿಟ್ಟರು. ಬಾವಿಯ ಬಾಯಿಗೆ ಅಡ್ಡಲಾಗಿ ಜಾಲಿಮುಳ್ಳು ಹಾಕಿಸಿದರು. "ಕುಂಟೆತ್ತನ್ನ ಒಳ್ಳೇದು ಅಂತ ಯಾವತ್ತೂ ಮಾರಿಲ್ಲ," ಎಂದರು, ಅಷ್ಟೇ. ಮರುದಿನದಿಂದ ಗಾಡಿಗೆ ಪೀಪಾಯಿ ಕಟ್ಟಿಸಿ ಎಲ್ಲೆಯ ಕಲ್ಲು ದಾಟಿ ಊರೊಳಗಿನಿಂದ ನೀರು ತರಿಸಿದರು. ಕೊಡಕ್ಕೆ ಒಂದಾಣೆ. ನನ್ನ ತಾಯಿಗೆ ಕಾಯಿಸುವ ನೀರಿಗೂ ಒಂದಾಣೆಯೇ. ಬಿಟ್ಟಿ ಕೊಡಲಿಲ್ಲ, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ನನ್ನ ತಾಯಿ ಬದುಕಿದರು. ತಲೆಗೂದಲೆಲ್ಲ ಹೋಯಿತು, ಕಿವಿ ಸ್ವಲ್ಪ ಮಂದವಾಯಿತು. ಆಮೇಲೆ ಒಂಬತ್ತು ವರ್ಷ ಇದ್ದರು. ಆ ಒಂಬತ್ತು ವರ್ಷಕ್ಕೆ ಡಾಕ್ಟರಿಗೆ ಎಷ್ಟು ಕೃತಜ್ಞಳೋ ಆ ಪೀಪಾಯಿಗೂ ಅಷ್ಟೇ ಕೃತಜ್ಞಳು.

ದಸರೆಯ ರಜೆಯಲ್ಲಿ ನಾನು ಅರ್ಜಿ ಬರೆದೆ: ನಮ್ಮ ಬಡಾವಣೆಯನ್ನು ನಗರದ ಎಲ್ಲೆಯೊಳಗೆ ಸೇರಿಸಿ, ಕಂದಾಯ ವಿಧಿಸಿ, ಚರಂಡಿ ಮತ್ತು ನಲ್ಲಿ ಹಾಕಿಸಬೇಕು. ಸಹಿಗೆ ಮೊದಲು ಸಿದ್ದಮಲ್ಲಪ್ಪನವರ ಹತ್ತಿರವೇ ಹೋದೆ. ಓದಿ ಹೇಳಿದೆ.

"ಕಂದಾಯ ಅಂದ್ರೆ, ಕೊಡಲ್ಲ ಅಂದೋನ ಕೈಯಿಂದ್ಲೂ ಕಿತ್ಕಳೋದು."

"ಹೌದು."

"ನಾನು ಕಿತ್ಕಂಡ್ರೆ ದರೋಡೆ ಅಂತೀರಿ."

"ಕಿತ್ತುಕೊಳ್ಳುವವರನ್ನು ಐದು ವರ್ಷಕ್ಕೊಮ್ಮೆ ನಾವು ಇಳಿಸಬಹುದು. ನಿಮ್ಮನ್ನು ಯಾರು ಇಳಿಸುತ್ತಾರೆ?"

"ನನ್ನ ನೀರು ಬೇಡ ಅಂದೋರು ಬೇರೆ ಬಾವಿಗೆ ಹೋಗ್ಬೋದು. ಅದೇ ಇಳಿಸೋದು."

"ಬೇರೆ ಬಾವಿ ಎಲ್ಲಿದೆ ಸಿದ್ದಮಲ್ಲಪ್ಪನವರೇ?"

ಅವರು ಮುಳ್ಳು ಹಾಕಿದ್ದ ಬಾವಿಯ ಕಡೆ ನೋಡಿದರು. 

"ಬಲವಂತ ಮಾಡದೆ ಇದ್ರೆ ಮನುಷ್ಯ ಸರಿಯಾದ ಬೆಲೆ ಹೇಳ್ತಾನೆ ಅಂತ ಮೂವತ್ತು ವರ್ಷದಿಂದ ನಂಬಿದ್ದೆ."

"ಹೇಳುವುದಿಲ್ಲ," ಎಂದೆ. "ಕತ್ತಲೆಯಲ್ಲಿ ಕೈಯಿಟ್ಟರೆ ಹೇಳುವುದಿಲ್ಲ."

ಆಗ ಅವರು ಒಂದೇ ಮಾತು ಕೇಳಬಹುದಾಗಿತ್ತು: ಅಮ್ಮಾವ್ರೇ, ನೀವೆಷ್ಟು ಇಟ್ರಿ? ಅವರಿಗೆ ಗೊತ್ತಿತ್ತು. ತಮಗೆ ಗೊತ್ತಿರುವುದು ನನಗೂ ಗೊತ್ತೆಂಬುದೂ ಅವರಿಗೆ ಗೊತ್ತಿತ್ತು. ಆ ಒಂದು ಮಾತಿಗೆ ನನ್ನ ಅರ್ಜಿಯೂ ನನ್ನ ಇಪ್ಪತ್ತು ವರ್ಷದ ಪಾಠವೂ ಅಲ್ಲೇ ಮುದುಡಿ ಹೋಗುತ್ತಿದ್ದವು. ಅವರು ಕೇಳಲಿಲ್ಲ. ಸಾಯುವವರೆಗೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಟವೆಲಿನ ಕೆಳಗಿನ ಮಾತು ಟವೆಲಿನ ಕೆಳಗೇ ಉಳಿಯಿತು.

"ನಾನು ಸಹಿ ಹಾಕಲ್ಲ," ಎಂದರು. "ಹಾಕೋರನ್ನ ಬೇಡ ಅನ್ನೋದೂ ಇಲ್ಲ. ಹೋಗಿ."

ಅರ್ಜಿ ಮೇಜಿನಿಂದ ಮೇಜಿಗೆ ಎರಡು ವರ್ಷ ಅಲೆಯಿತು. ಅರವತ್ತರಲ್ಲಿ ಎಲ್ಲೆಯ ಕಲ್ಲು ನಮ್ಮನ್ನು ದಾಟಿ ಹೋಯಿತು. ಚರಂಡಿ ಬಂತು. ಅರವತ್ತೊಂದರಲ್ಲಿ ಬೋರಮ್ಮನ ಕೊಟ್ಟಿಗೆಯ ಮುಂದೆ ಬೀದಿ ನಲ್ಲಿ ಬಂತು. ಬೆಳಗ್ಗೆ ಆರಕ್ಕೆ ಒಂದು ಸಲ, ಸಂಜೆ ಒಂದು ಸಲ ನೀರು. ಎಲ್ಲರೂ ಕಂದಾಯ ಕಟ್ಟಿದರು, ಶಿವರುದ್ರಪ್ಪನವರು ಕೂಡ. ಸಿದ್ದಮಲ್ಲಪ್ಪನವರು ಕೊನೆಯ ದಿನದ ಕೊನೆಯ ಗಳಿಗೆಯಲ್ಲಿ ಹೋಗಿ ಕಟ್ಟಿ, ರಸೀತಿಯನ್ನು ಸತ್ತ ಇಲಿಯಂತೆ ತುದಿಬೆರಳಲ್ಲಿ ಹಿಡಿದುಕೊಂಡು ಬಂದರು. ಭಾನುವಾರದ ಜಗಲಿ ಖಾಲಿಯಾಯಿತು. ಹಗ್ಗ ಗೂಟಕ್ಕೆ ಮರಳಿದರೂ ಕೇಳುವವರಿರಲಿಲ್ಲ.

ವರ್ಷ ತುಂಬುವುದರೊಳಗೆ ನಲ್ಲಿಯ ಬುಡ ಸಡಿಲವಾಗಿ ಸೋರತೊಡಗಿತು. ನೀರು ಬಂದಷ್ಟು ಹೊತ್ತೂ ಅರ್ಧ ಕೊಡಕ್ಕೆ, ಅರ್ಧ ಬೀದಿಗೆ. ಮತ್ತೆ ಬೋರಮ್ಮನ ಕೊಟ್ಟಿಗೆಯ ಮುಂದೆ ಕೆಸರು. ಇಪ್ಪತ್ತೆರಡು ಮನೆಯವರೂ ದಿನಾ ಆ ನಲ್ಲಿ ಮುಟ್ಟುತ್ತಿದ್ದರು. ಒಬ್ಬರೂ ಸರಿಮಾಡಲಿಲ್ಲ. ನಾನು ಎರಡು ಸಲ ದೂರು ಬರೆದೆ, ಬಂದು ನೋಡಿದವರಿಲ್ಲ.

"ಸರ್ಕಾರದ ನಲ್ಲಿ ಸರ್ಕಾರದಂಗೇಯಾ," ಎಂದಳು ಬೋರಮ್ಮ. "ಬಾ ಅಂದ್ರೆ ಬರಾಕಿಲ್ಲ, ಸಾಕು ಅಂದ್ರೆ ನಿಲ್ಲಾಕಿಲ್ಲ."

ಸಿದ್ದಮಲ್ಲಪ್ಪನವರು ಜಗಲಿಯಿಂದ ಕೇಳಿಸಿಕೊಂಡು ನಕ್ಕರು. "ನಾನು ಹೇಳ್ಲಿಲ್ವಾ ಅಮ್ಮಾವ್ರೇ? ಎಲ್ಲಾರ ಎಮ್ಮೆಗೆ ಹುಲ್ಲು ಹಾಕೋರಿಲ್ಲ." 

ಅರವತ್ತೆರಡರ ಜನವರಿಯ ಒಂದು ಬೆಳಗ್ಗೆ, ಐದೂವರೆ ಗಂಟೆ. ಅಡಿಗೆಮನೆಯ ಕಿಟಕಿಯಿಂದ ನಲ್ಲಿ ಕಾಣುತ್ತದೆ. ಮಂಜಿತ್ತು. ನಲ್ಲಿಯ ಮುಂದೆ ಯಾರೋ ಕುಕ್ಕರುಗಾಲಲ್ಲಿ ಕೂತಿದ್ದರು. ಸಿದ್ದಮಲ್ಲಪ್ಪನವರು. ಕೊಳವೆಯಲ್ಲಿ ಇನ್ನೂ ನೀರಿಲ್ಲದ ಹೊತ್ತು ನೋಡಿ ಬಂದಿದ್ದರು. ಸ್ಪ್ಯಾನರಿನಿಂದ ನಲ್ಲಿಯನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಹೆಗಲ ಮೇಲಿನ ಟವೆಲು ತೆಗೆದು, ಕೆಂಪು ಅಂಚನ್ನು ಹಲ್ಲಿನಲ್ಲಿ ಕಚ್ಚಿ ಉದ್ದಕ್ಕೆ ಹರಿದರು. ಆ ಪಟ್ಟಿಯಿಂದ ಎಳೆಗಳನ್ನು ಬಿಡಿಸಿ ಕೊಳವೆಯ ತುದಿಯ ತಿರುಪಿನ ಗೆರೆಗಳಿಗೆ ಬಿಗಿಯಾಗಿ ಸುತ್ತಿದರು. ನಲ್ಲಿಯನ್ನು ಮತ್ತೆ ಕೂರಿಸಿ ತಿರುಗಿಸಿ ಬಿಗಿದರು.

ನಾನು ಬಾಗಿಲು ತೆಗೆದು ಹೊರಗೆ ಹೋಗಬಹುದಿತ್ತು. ಹೋಗಲಿಲ್ಲ. ಅವರು ನನ್ನ ಏಳು ಬೀಜದ ಸುದ್ದಿ ಎತ್ತಿರಲಿಲ್ಲ.

ಅವರು ಎದ್ದು ಹೋಗದೆ ಅಲ್ಲೇ ಕಾದರು. ಆರಕ್ಕೆ ಕೊಳವೆ ಕೆಮ್ಮಿತು, ನೀರು ಬಂತು. ನಲ್ಲಿಯ ಬುಡದ ಸುತ್ತ ಒಂದು ಬೆರಳು ಆಡಿಸಿ, ಅದನ್ನು ಕಣ್ಣಿನ ಹತ್ತಿರ ತಂದು ನೋಡಿದರು. ಇನ್ನೊಮ್ಮೆ ಆಡಿಸಿದರು. ಆಮೇಲೆ ಅಂಚಿಲ್ಲದ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಬೋರಮ್ಮ ಕೊಡ ಹಿಡಿದು ಬರುವುದಕ್ಕೆ ಮೊದಲೇ ಮನೆಯೊಳಕ್ಕೆ ಹೋದರು.